ಅಮ್ಮನ ಶ್ವಾಸಕೋಶದ ಕ್ಯಾನ್ಸರ್ ಬಗ್ಗೆ ಊರಲ್ಲಿ ಮಾತಾಡಬೇಕು ಅನ್ನಿಸುತ್ತಿದೆ, ಎಲ್ಲಿಂದ ಶುರು ಮಾಡಲಿ?

ಕಲ್ಪತರು_ಹುಡುಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಅಮ್ಮ ಕಳೆದ ವರ್ಷ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಬೀಡಿ ಸಿಗರೇಟು ಮುಟ್ಟಿದವರಲ್ಲ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಕೂಡ ಹಾಕುತ್ತಿರಲಿಲ್ಲ. ಮೊದಲು ಒಣ ಕೆಮ್ಮು ಬಂತು. ಸಿರಪ್ ಕೊಟ್ಟರು, ಆಮೇಲೆ ಆಸ್ತಮಾ ಇರಬಹುದು ಅಂತ ಇನ್‌ಹೇಲರ್ ಕೊಟ್ಟರು, ಆಮೇಲೆ ಎಕ್ಸ್‌ರೇ ತೆಗೆದು ಮಚ್ಚೆ ಇದೆ, ಟಿಬಿ ಇರಬೇಕು ಅಂದರು. ಕಫದಲ್ಲಿ ಟಿಬಿ ಸಿಗಲಿಲ್ಲ, ಆದರೂ ಮಾತ್ರೆ ಶುರುವಾಯಿತು. ತಿಂಗಳುಗಳು ಹೋದವು, ಅಮ್ಮ ಇಳಿಯುತ್ತಾ ಹೋದರು. ಕೊನೆಗೆ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟಿದಾಗ ಬೆಂಗಳೂರಿಗೆ ಕರೆದುಕೊಂಡು ಬಂದೆ. ಸಿಟಿ ಸ್ಕ್ಯಾನ್, ಬಯಾಪ್ಸಿ ಎಲ್ಲ ಆಗಿ ನಾಲ್ಕನೇ ಹಂತ ಅಂತ ಗೊತ್ತಾಯಿತು. ಆಮೇಲೆ ಜೀನ್ ಪರೀಕ್ಷೆ ಮಾಡಿದರು, ಇಜಿಎಫ್‌ಆರ್ ಅನ್ನುವ ಜೀನಿನಲ್ಲಿ ಬದಲಾವಣೆ ಇದೆ ಅಂತ ಬಂತು, ಅದಕ್ಕೆ ಮಾತ್ರೆ ಕೊಟ್ಟರು. ಮಾತ್ರೆಯಿಂದ ಕೆಲವು ತಿಂಗಳು ಚೆನ್ನಾಗಿದ್ದರು, ಊರಿಗೆ ಹೋಗಿ ತೋಟ ಕೂಡ ನೋಡಿಕೊಂಡು ಬಂದರು. ಆಮೇಲೆ ಆಗಲಿಲ್ಲ.

ವರ್ಷದ ತಿಥಿ ಮುಗಿದ ಮೇಲೆ ನನಗೆ ಸುಮ್ನೆ ಕೂರಲು ಆಗುತ್ತಿಲ್ಲ. ನಮ್ಮ ಹೋಬಳಿಯಲ್ಲಿ ಇನ್ನೊಬ್ಬರ ಅಮ್ಮನಿಗೆ ಹೀಗಾಗಬಾರದು. ಜನರಿಗೆ ಹೇಳಬೇಕು, ಆಸ್ಪತ್ರೆಯವರನ್ನು ಕೇಳಬೇಕು, ಶಾಲೆಗಳಿಗೆ ಹೋಗಬೇಕು ಅನ್ನಿಸುತ್ತದೆ. ಆದರೆ ಎರಡು ತೊಡಕಿದೆ.

ಒಂದು, ಅಪ್ಪ. ಅವರು ತುಂಬಾ ವರ್ಷ ಬೀಡಿ ಸೇದುತ್ತಿದ್ದರು, ಈಗ ಬಿಟ್ಟಿದ್ದಾರೆ. ಅಮ್ಮನ ಕಾಯಿಲೆ ಗೊತ್ತಾದಾಗ ನೋಡಲು ಬಂದ ನೆಂಟರಲ್ಲಿ ಒಬ್ಬರಾದರೂ ಅಪ್ಪನ ಕಡೆ ನೋಡಿ ಒಂದು ಮಾತು ಆಡದೆ ಹೋಗಲಿಲ್ಲ. ನಾನು ಊರಲ್ಲಿ ನಿಂತು ಬೀಡಿ ಹೊಗೆಯ ಬಗ್ಗೆ ಮಾತಾಡಿದರೆ ಅದು ಅಪ್ಪನ ಮೇಲೆ ಬೆರಳು ತೋರಿಸಿದ ಹಾಗೆ ಆಗುತ್ತದೆ. ಎರಡು, ಅಣ್ಣ. ಅವನ ಮಗಳಿಗೆ ಗಂಡು ನೋಡುತ್ತಿದ್ದಾರೆ. ಮನೆಯಲ್ಲಿ ಕ್ಯಾನ್ಸರ್ ಇತ್ತು ಅಂತ ನೀನೇ ಮೈಕ್ ಹಿಡಿದು ಹೇಳುತ್ತೀಯಾ ಅಂತ ಕೇಳುತ್ತಾನೆ.

ಇಂಥ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ. ಯಾವುದನ್ನು ಮೊದಲು ಹಿಡಿಯಲಿ?

ದಾವಣಗೆರೆ_ಸಿಸ್ಟರ್:

ನೋಡಮ್ಮ, ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಟಿಬಿ ವಾರ್ಡಿನಲ್ಲೂ ಕೆಲಸ ಮಾಡಿದ್ದೇನೆ. ನಿಮ್ಮಮ್ಮನ ಕಥೆ ನಾನು ಬೇರೆ ಬೇರೆ ಹೆಸರುಗಳಲ್ಲಿ ನೋಡಿದ್ದೇನೆ.

ನಮ್ಮಲ್ಲಿ ಟಿಬಿ ಜಾಸ್ತಿ. ಹಾಗಾಗಿ ಕೆಮ್ಮು, ತೂಕ ಇಳಿಯುವುದು, ಎಕ್ಸ್‌ರೇಯಲ್ಲಿ ಮಚ್ಚೆ ಅಂದ ಕೂಡಲೇ ಡಾಕ್ಟರ ಮನಸ್ಸು ಟಿಬಿ ಕಡೆಗೆ ಹೋಗುತ್ತದೆ. ಕಫದಲ್ಲಿ ಸಿಗದಿದ್ದರೂ ಲಕ್ಷಣ ನೋಡಿ ಮಾತ್ರೆ ಶುರು ಮಾಡುವುದು ತಪ್ಪೇನಲ್ಲ, ಎಷ್ಟೋ ಜನ ಅದರಿಂದಲೇ ಉಳಿದಿದ್ದಾರೆ. ತೊಂದರೆ ಆಗುವುದು ಮುಂದಿನ ಹಂತದಲ್ಲಿ. ಮೊದಲ ಎರಡು ತಿಂಗಳ ಮಾತ್ರೆ ಮುಗಿದ ಮೇಲೂ ಕೆಮ್ಮು ಹಾಗೇ ಇದೆ, ತೂಕ ಏರುತ್ತಿಲ್ಲ ಅಂದರೆ ಯಾರಾದರೂ ನಿಲ್ಲಿಸಿ ಕೇಳಬೇಕು, ಇದು ಬೇರೆ ಏನಾದರೂ ಇರಬಹುದಾ ಅಂತ. ಆ ಪ್ರಶ್ನೆ ರೋಗಿಯ ಮನೆಯವರಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಡಾಕ್ಟರ ಮುಂದೆ ಬಾಯಿ ಬರುವುದಿಲ್ಲ.

ನೀನು ಹಿಡಿಯಬೇಕಾದ್ದು ಇದನ್ನೇ ಅಂತ ನನ್ನ ಅಭಿಪ್ರಾಯ. ಕಾಯಿಲೆ ಯಾಕೆ ಬಂತು ಅನ್ನುವುದನ್ನು ಬಿಡು, ಯಾಕೆ ತಡವಾಗಿ ಗೊತ್ತಾಯಿತು ಅನ್ನುವುದನ್ನು ಹಿಡಿ. ಇದರಲ್ಲಿ ನಿಮ್ಮಪ್ಪನ ಹೆಸರೇ ಬರುವುದಿಲ್ಲ. ಮತ್ತೆ ಇನ್ನೊಂದು, ಒಬ್ಬರ ಕ್ಯಾನ್ಸರ್ ಇಂಥದ್ದರಿಂದಲೇ ಬಂತು ಅಂತ ಯಾವ ಡಾಕ್ಟರೂ ಗೆರೆ ಎಳೆದು ಹೇಳಲಾರರು. ಬೀಡಿಯ ಹೊಗೆ ಪಕ್ಕದಲ್ಲಿದ್ದವರಿಗೂ ಅಪಾಯ, ಅದು ನಿಜ. ಸೌದೆ ಒಲೆಯ ಹೊಗೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಕ್ಯಾನ್ಸರ್ ತರುವ ಸಾಧ್ಯತೆ ಇರುವ ಪಟ್ಟಿಯಲ್ಲಿ ಇಟ್ಟಿದೆ. ಹೊರಗಿನ ಗಾಳಿಯ ಮಾಲಿನ್ಯವನ್ನು 2013ರಲ್ಲಿ ಕ್ಯಾನ್ಸರ್‌ಕಾರಕ ಅಂತಲೇ ಘೋಷಿಸಿದ್ದಾರೆ. ಸೇದದೇ ಇದ್ದ ಏಷ್ಯಾದ ಹೆಂಗಸರಲ್ಲಿ ನಿಮ್ಮಮ್ಮನಿಗೆ ಬಂದಂಥ ಇಜಿಎಫ್‌ಆರ್ ಬದಲಾವಣೆ ಹೆಚ್ಚು ಕಾಣುತ್ತದೆ, ಅದು ಬಹುಪಾಲು ಗಡ್ಡೆಯಲ್ಲಿ ಆಗುವ ಬದಲಾವಣೆ, ತಾಯಿಯಿಂದ ಮಗಳಿಗೆ, ಮೊಮ್ಮಗಳಿಗೆ ಬರುವಂಥದ್ದಲ್ಲ. ನಿಮ್ಮಣ್ಣನಿಗೆ ಇದನ್ನು ಹೇಳು. ಬೇಕಿದ್ದರೆ ಅಮ್ಮನನ್ನು ನೋಡಿದ ಡಾಕ್ಟರ ಬಾಯಿಂದಲೇ ಹೇಳಿಸು.

ಒಂದು ಎಚ್ಚರಿಕೆ. ಉಚಿತ ತಪಾಸಣೆ ಶಿಬಿರ ಮಾಡಿಸುತ್ತೇನೆ ಅಂತ ಹೊರಡಬೇಡ. ಸರ್ಕಾರದಿಂದ 30 ದಾಟಿದವರಿಗೆ ನಡೆಯುವ ತಪಾಸಣೆಯಲ್ಲಿ ಬಿಪಿ, ಶುಗರ್, ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ನೋಡುತ್ತಾರೆ, ಶ್ವಾಸಕೋಶ ಅದರಲ್ಲಿಲ್ಲ. ಕಡಿಮೆ ವಿಕಿರಣದ ಸಿಟಿ ಮಾಡಿ ಮೊದಲೇ ಹಿಡಿಯಬಹುದು ಅಂತ 2011ರಲ್ಲಿ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು, ಆ ಕ್ಯಾನ್ಸರ್‌ನ ಸಾವು ಶೇ. 20ರಷ್ಟು ಕಡಿಮೆಯಾಗಿತ್ತು. ಆದರೆ ಅದು ತುಂಬಾ ಸೇದಿದ ವಯಸ್ಸಾದವರ ಮೇಲೆ ಮಾಡಿದ್ದು. ನಿಮ್ಮಮ್ಮನಂಥವರು ಅದರಲ್ಲಿ ಸೇರುತ್ತಲೇ ಇರಲಿಲ್ಲ. ನಮ್ಮ ಜನರ ಎದೆಯಲ್ಲಿ ಹಳೆ ಟಿಬಿಯ ಕಲೆಗಳೂ ಇರುತ್ತವೆ, ಸ್ಕ್ಯಾನ್ ಮಾಡಿದರೆ ಅದೆಲ್ಲ ಅನುಮಾನ ಹುಟ್ಟಿಸುತ್ತದೆ. ಹಾಗಾಗಿ ಲಕ್ಷಣ ಇರುವವರು ಬೇಗ ಬರುವ ಹಾಗೆ ಮಾಡುವುದೇ ನಮ್ಮ ಕೈಯಲ್ಲಿರುವ ಕೆಲಸ.

ಶಿರಾ_ಮೇಷ್ಟ್ರು:

ಸಿಸ್ಟರ್ ಹೇಳಿದ್ದು ಸರಿ. ಆದರೆ ತಂಬಾಕಿನ ವಿಷಯ ಪೂರ್ತಿ ಬಿಡಬೇಡಿ ಮೇಡಂ. ಅದನ್ನು ಮನೆಯ ವಿಷಯವಾಗಿ ಮಾತಾಡದೆ ಕಾನೂನಿನ ವಿಷಯವಾಗಿ ಮಾತಾಡಿ, ಆಗ ಅಪ್ಪನವರಿಗೆ ತಾಗುವುದಿಲ್ಲ.

ನನ್ನ ತಮ್ಮ ಇದೇ ಕಾಯಿಲೆಯಲ್ಲಿ ಹೋದ. ಹೈಸ್ಕೂಲಿನಲ್ಲೇ ಸಿಗರೇಟು ಹಿಡಿದವನು. ಎಲ್ಲಿ ಸಿಗುತ್ತಿತ್ತು? ಶಾಲೆಯ ಕಾಂಪೌಂಡಿಗೆ ಅಂಟಿಕೊಂಡ ಪೆಟ್ಟಿಗೆ ಅಂಗಡಿಯಲ್ಲಿ, ಬಿಡಿ ಬಿಡಿಯಾಗಿ. ನಾನು ಮುಖ್ಯಶಿಕ್ಷಕನಾದ ಮೇಲೆ ಹಿಡಿದ ಕೆಲಸ ಅದೊಂದೇ. ಶಾಲೆಯ ಸುತ್ತ ತಂಬಾಕು ಮಾರುವಂತಿಲ್ಲ ಅಂತ 2003ರ ತಂಬಾಕು ನಿಯಂತ್ರಣ ಕಾಯ್ದೆ, ಕೋಟ್ಪಾದಲ್ಲೇ ಇದೆ. ಸಾರ್ವಜನಿಕ ಜಾಗದಲ್ಲಿ ಸೇದುವುದರ ನಿಯಮ 2008ರ ಅಕ್ಟೋಬರ್ 2ರಿಂದ ಬಿಗಿಯಾಯಿತು. ಈಗ ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದಿದೆ. ಖರೀದಿಸುವ ವಯಸ್ಸು 18ರಿಂದ 21ಕ್ಕೆ ಏರಿದೆ, ಸಿಗರೇಟನ್ನು ಬಿಡಿಯಾಗಿ ಮಾರುವ ಹಾಗಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ಇದ್ದದ್ದು 1000 ರೂಪಾಯಿವರೆಗೆ ಹೋಗಿದೆ, ಹುಕ್ಕಾ ಬಾರ್ ನಡೆಸಿದರೆ ಜೈಲು. ಎಷ್ಟು ಜನ ಅಂಗಡಿಯವರಿಗೆ ಇದು ಗೊತ್ತು ಹೇಳಿ?

ಶಾಲೆಯ ಮುಖ್ಯಸ್ಥರಿಗೆ ತಮ್ಮ ಆವರಣದಲ್ಲಿ ಸೇದುವವರಿಗೆ ದಂಡ ಹಾಕುವ ಅಧಿಕಾರ ಇದೆ ಅಂತ ನಮ್ಮಲ್ಲೇ ಬಹಳ ಜನರಿಗೆ ಗೊತ್ತಿಲ್ಲ. ನಾನು ಶಾಲೆಯ ಉಸ್ತುವಾರಿ ಸಮಿತಿ, ಎಸ್‌ಡಿಎಂಸಿ ಸಭೆಯಲ್ಲಿ ಇಟ್ಟೆ, ಊರಿನವರೇ ಅಂಗಡಿಯವನ ಹತ್ತಿರ ಮಾತಾಡಿದರು, ಅವನು ಜಗಳ ಆಡಿದ, ಮಕ್ಕಳ ಹೊಟ್ಟೆಗೆ ಏನು ಹಾಕಲಿ ಅಂದ. ಆ ಮಾತನ್ನು ನಾವು ತಳ್ಳಿಹಾಕಲಿಲ್ಲ. ಈಗ ಅದೇ ಅಂಗಡಿಯಲ್ಲಿ ಪೆನ್ನು, ಪುಸ್ತಕ, ಬಾಳೆಹಣ್ಣು ಇದೆ. ಲಾಭ ಮೊದಲಿನಷ್ಟು ಇಲ್ಲ ಅಂತ ಅವನು ಈಗಲೂ ಹೇಳುತ್ತಾನೆ, ಸುಳ್ಳು ಯಾಕೆ ಹೇಳಲಿ.

ಆಫೀಸುಗಳಲ್ಲಿ ಯಾರೂ ಕೇಳದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ನಮ್ಮ ತಾಲ್ಲೂಕಿನಲ್ಲಿ ಕಳೆದ ವರ್ಷ ಕೋಟ್ಪಾ ಕೆಳಗೆ ಎಷ್ಟು ದಂಡ ಹಾಕಿದ್ದೀರಿ ಅಂತ ಒಂದೇ ಸಾಲು ಕೇಳಿ ಸಾಕು. ಉತ್ತರ ಕೈಯಲ್ಲಿದ್ದರೆ ಜಿಲ್ಲಾ ತಂಬಾಕು ನಿಯಂತ್ರಣ ಕೋಶದವರ ಜೊತೆ ಮಾತು ಬೇರೆ ರೀತಿ ನಡೆಯುತ್ತದೆ.

ಬೆಟ್ಟದಪುರ_ರೈತ:

ಅಕ್ಕಾ, ನಾನು ಪಿರಿಯಾಪಟ್ಟಣ ತಾಲ್ಲೂಕಿನವನು. ನಮ್ಮದು ತಂಬಾಕು ಬೆಳೆಯುವ ಮನೆ. ಎಲೆ ಹದ ಮಾಡುವ ಬ್ಯಾರನ್ ಇದೆ, ತಂಬಾಕು ಮಂಡಳಿಯ ಲೈಸೆನ್ಸ್ ಇದೆ, ಹರಾಜಿಗೆ ಹೋಗಿ ಮಾರುತ್ತೇವೆ. ನನ್ನ ಓದು, ಅಕ್ಕನ ಮದುವೆ ಎಲ್ಲ ಆ ಎಲೆಯ ದುಡ್ಡಿನಲ್ಲೇ ಆಗಿದ್ದು. ನಮ್ಮಪ್ಪ ಬೀಡಿ ಸೇದಿ ಸೇದಿ ಇದೇ ಕಾಯಿಲೆಯಲ್ಲಿ ಹೋದರು.

ನೀವು ಬರೆದದ್ದರಲ್ಲಿ ಒಂದು ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮಮ್ಮ ಸೇದುತ್ತಿರಲಿಲ್ಲ ಅಂತ ಮೊದಲೇ ಬರೆದಿದ್ದೀರಿ. ಸಹಜ. ಆದರೆ ಮೈಕ್ ಹಿಡಿದಾಗ, ಸೇದದೇ ಇದ್ದರೂ ಬಂತು, ಎಂಥ ಅನ್ಯಾಯ ಅನ್ನುವ ಧಾಟಿಯಲ್ಲಿ ಹೇಳಿದರೆ ಕೆಳಗೆ ಕೂತಿರುವ ಬೀಡಿ ಸೇದುವವನ ಹೆಂಡತಿಗೆ ಏನು ಕೇಳಿಸುತ್ತದೆ ಗೊತ್ತಾ? ಸೇದಿದವನಿಗೆ ಬಂದರೆ ನ್ಯಾಯ ಅಂತ ಕೇಳಿಸುತ್ತದೆ. ನಮ್ಮಪ್ಪನಿಗೆ ಆಸ್ಪತ್ರೆಯಲ್ಲಿ ಆಗಿದ್ದು ಅದೇ. ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಎಷ್ಟು ವರ್ಷ ಸೇದಿದಿರಿ. ಅದು ವೈದ್ಯಕೀಯಕ್ಕೆ ಬೇಕಾದ ಪ್ರಶ್ನೆ, ಒಪ್ಪುತ್ತೇನೆ. ಆದರೆ ಕೇಳಿದ ಪ್ರತಿ ಸಲ ಅಪ್ಪ ತಲೆ ತಗ್ಗಿಸಿದರು. ನೋವು ಜಾಸ್ತಿ ಆದಾಗಲೂ ಹೇಳುತ್ತಿರಲಿಲ್ಲ, ತಾನೇ ಮಾಡಿಕೊಂಡದ್ದು, ತಾನೇ ಅನುಭವಿಸಬೇಕು ಅಂತ ಇದ್ದರು. ಕೆಮ್ಮಿನಲ್ಲಿ ರಕ್ತ ಬಂದದ್ದನ್ನೂ ನಾಚಿಕೆಗೆ ಮುಚ್ಚಿಟ್ಟಿದ್ದರು. ನೀವು ತಡವಾಗಿ ಗೊತ್ತಾಗುವುದರ ಬಗ್ಗೆ ಕೆಲಸ ಮಾಡುತ್ತೀರಾದರೆ ಈ ನಾಚಿಕೆಯೂ ಅದಕ್ಕೆ ಒಂದು ಕಾರಣ ಅಂತ ತಿಳಿದಿರಿ.

ಹಾಗಂತ ಸೇದುವುದನ್ನು ನಾನು ಸಮರ್ಥಿಸುತ್ತಿಲ್ಲ. ಸೀಸನ್ನಿನಲ್ಲಿ ರಾತ್ರಿ ಎಲ್ಲ ಬ್ಯಾರನ್ನಿಗೆ ಸೌದೆ ಹಾಕುತ್ತಾ ಕಾಯಬೇಕು, ನಿದ್ದೆ ಬರಬಾರದು ಅಂತ ಹುಡುಗರು ಒಂದರ ಹಿಂದೆ ಒಂದು ಬೀಡಿ ಹಚ್ಚುತ್ತಾರೆ. ನಾನು ಅಲ್ಲೇ ಕೂತು ಅಪ್ಪನ ವಿಷಯ ಹೇಳುತ್ತೇನೆ. ಬೈಯುವುದಿಲ್ಲ. ಬಿಡುತ್ತೇನೆ ಅಂದವರ ಫೋನಿನಲ್ಲಿ 1800112356 ಹಾಕಿಕೊಡುತ್ತೇನೆ, ತಂಬಾಕು ಬಿಡಲು ಸಹಾಯ ಮಾಡುವ ಸರ್ಕಾರದ ಉಚಿತ ಲೈನು, ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಹಾಗೇ ಬೆಳಗಿನ ಇಬ್ಬನಿಯಲ್ಲಿ ಒದ್ದೆ ಎಲೆ ಕೀಳುವ ಹೆಂಗಸರಿಗೆ ತಲೆಸುತ್ತು, ವಾಂತಿ ಬರುವುದು ಚರ್ಮದ ಮೂಲಕ ನಿಕೋಟಿನ್ ಒಳಗೆ ಹೋಗಿ ಅಂತ ಹೇಳಿ ಕೈಗವಸು ಹಾಕಿಸುವುದು. ನಮ್ಮಲ್ಲಿ ಎಷ್ಟೋ ಜನ ಅದನ್ನು ಬಿಸಿಲಿಗೆ ಅಂದುಕೊಂಡಿದ್ದರು.

ನೀನೇ ಬೆಳೆದು ನೀನೇ ಬುದ್ಧಿ ಹೇಳುತ್ತೀಯಾ ಅಂತ ಕೇಳುತ್ತಾರೆ. ಹೌದು, ಬೆಳೆಯುತ್ತೇನೆ. ಇದೇ ನೆಲದಲ್ಲಿ ಅಷ್ಟೇ ದುಡ್ಡು ಕೊಡುವ, ಹರಾಜಿನ ಗ್ಯಾರಂಟಿ ಇರುವ ಇನ್ನೊಂದು ಬೆಳೆ ತೋರಿಸಿ ಅಂತ ನಾವೂ ಕೇಳುತ್ತಲೇ ಇದ್ದೇವೆ. ಅದಕ್ಕೆ ಉತ್ತರ ಸಿಗುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು ಅಂತ ನನಗೆ ಅನ್ನಿಸುವುದಿಲ್ಲ.

ಗೌರಿ_ಹುಬ್ಬಳ್ಳಿ:

ರೈತ ಅಣ್ಣ ಬರೆದದ್ದನ್ನ ಎರಡು ಸಲ ಓದಿದೆ.

ನಂದು ಬೇರೆ ಮಾತು ರೀ. ನಮ್ಮ ಯಜಮಾನರು ಇದೇ ಕಾಯಿಲೆಯಿಂದ ಹೋದರು. ಎಲುಬಿಗೆ ಹರಡಿತ್ತು. ಕೊನೆಯ ವಾರಗಳಲ್ಲಿ ಅವರಿಗೆ ಬೇಕಿದ್ದದ್ದು ಮಾರ್ಫಿನ್ ಗುಳಿಗಿ, ಬೇರೆ ಯಾವ ಔಷಧವೂ ಅಲ್ಲ. ಅದು ಸಿಗಲಿಲ್ಲ, ಒಂದೊಂದು ಕಡೆ ಮಾದಕ ವಸ್ತುಗಳ ಕಾನೂನು ಅಂದರು, ಒಂದೊಂದು ಕಡೆ ಚಟ ಹತ್ತುತ್ತದೆ ಅಂದರು. ಸಾಯುವ ಮನುಷ್ಯನಿಗೆ ಎಂಥ ಚಟ? ಆಮೇಲೆ ಗೊತ್ತಾಯಿತು, ಆ ಕಾನೂನನ್ನು 2014ರಲ್ಲೇ ಸಡಿಲ ಮಾಡಿದ್ದಾರೆ. ಈಗ ನಾನು ಕೇಳುವುದು ಅದನ್ನೊಂದೇ, ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ನೋವಿನ ಔಷಧ ಇದೆಯಾ, ಬರೆದುಕೊಡಲು ತರಬೇತಿ ಆದ ಡಾಕ್ಟರ್ ಇದ್ದಾರಾ. ಬೆಂಗಳೂರಿನ ಕರುಣಾಶ್ರಯದಂಥ ಜಾಗ, ದುಡ್ಡು ತೊಗೊಳ್ಳದೆ ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವವರು, ಪ್ರತಿ ಜಿಲ್ಲೆಗೂ ಬೇಕು.

ತಂಗಿ, ನಿನಗೆ ಹೇಳೋದು ಇಷ್ಟು. ವರ್ಷದ ತಿಥಿ ಈಗಷ್ಟೇ ಆಗಿದೆ. ಮೊದಲ ಸಲ ಜನರ ಮುಂದೆ ಮಾತಾಡಿದಾಗ ನಾನು ಮನೆಗೆ ಬಂದು ಮೂರು ದಿನ ಏಳಲಿಲ್ಲ. ಒಬ್ಬಳೇ ಹೋಗಬೇಡ. ಮಾತು ಮಧ್ಯೆ ನಿಂತರೆ ಮುಂದುವರಿಸುವವರು ಒಬ್ಬರು ಪಕ್ಕದಲ್ಲಿರಲಿ. ಅಮ್ಮನ ಕೊನೆಗಾಲದ ಫೋಟೋ ಯಾರು ಕೇಳಿದರೂ ಕೊಡಬೇಡ, ಒಮ್ಮೆ ವಾಟ್ಸಾಪಿಗೆ ಹೋದರೆ ಅದು ನಿನ್ನ ಕೈಯಲ್ಲಿರುವುದಿಲ್ಲ.

ಒಟ್ಟಾವಾ_ಕನ್ನಡಿಗ:

ನಾನಿರುವ ಊರಿನ ಒಬ್ಬ ಹೆಂಗಸಿನ ಬಗ್ಗೆ ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಹತ್ತಿರ ಇದೆ. ಹೆದರ್ ಕ್ರೋ ಅಂತ. ಇಲ್ಲಿನ ರೆಸ್ಟೋರೆಂಟುಗಳಲ್ಲಿ ಸುಮಾರು 40 ವರ್ಷ ಬಡಿಸುವ ಕೆಲಸ ಮಾಡಿದವರು. ಒಂದು ಸಿಗರೇಟೂ ಸೇದಿದವರಲ್ಲ. 2002ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಗೊತ್ತಾಯಿತು. ಗಿರಾಕಿಗಳ ಹೊಗೆಯಿಂದ, ಕೆಲಸದ ಜಾಗದಲ್ಲೇ ಬಂದ ಕಾಯಿಲೆ ಅಂತ ಕಾರ್ಮಿಕರ ಪರಿಹಾರಕ್ಕೆ ಅರ್ಜಿ ಹಾಕಿದರು, ಇಲ್ಲಿನ ಒಂಟಾರಿಯೊ ಪ್ರಾಂತ್ಯದಲ್ಲಿ ಅದನ್ನು ಒಪ್ಪಿದರು. ಆಮೇಲೆ ಚಿಕಿತ್ಸೆಯ ನಡುವೆಯೇ ಕೆನಡಾ ತುಂಬಾ ಓಡಾಡಿ ಮಾತಾಡಿದರು, ಸರ್ಕಾರದ ಟಿವಿ ಜಾಹೀರಾತಿನಲ್ಲಿ ಬಂದರು. 2006ರ ಮೇ ತಿಂಗಳಲ್ಲಿ ತೀರಿಕೊಂಡರು. ಅದೇ ತಿಂಗಳ 31ಕ್ಕೆ ಒಂಟಾರಿಯೊದಲ್ಲಿ ಒಳಾಂಗಣದ ಕೆಲಸದ ಜಾಗಗಳಲ್ಲಿ ಸೇದುವುದು ಪೂರ್ತಿ ನಿಂತಿತು.

ಅವರು ಸೇದುವವರನ್ನು ಬೈಯುತ್ತಾ ತಿರುಗಲಿಲ್ಲ. ಕೇಳಿದ್ದು ಒಂದೇ, ದುಡಿಯುವ ಜಾಗದಲ್ಲಿ ಹೊಗೆ ಇರಬಾರದು. ಕೇಳಿದ್ದು ಚಿಕ್ಕದು, ಸ್ಪಷ್ಟವಾದದ್ದು, ಅದಕ್ಕೇ ಮಂತ್ರಿಗಳು ಹೌದು ಅಥವಾ ಇಲ್ಲ ಅನ್ನಲೇಬೇಕಾಯಿತು. ಜಾಗೃತಿ ಮೂಡಿಸಿ ಅಂತ ಕೇಳಿದ್ದರೆ ಎಲ್ಲರೂ ತಲೆ ಆಡಿಸಿ ಕಳಿಸುತ್ತಿದ್ದರು. ನೀವೂ ತಾಲ್ಲೂಕು ಆರೋಗ್ಯಾಧಿಕಾರಿಯ ಹತ್ತಿರ ಹೋದಾಗ ಹೌದು ಅಥವಾ ಇಲ್ಲ ಅನ್ನಬಹುದಾದ ಒಂದು ಬೇಡಿಕೆ ತೆಗೆದುಕೊಂಡು ಹೋಗಿ.

ಕಲ್ಪತರು_ಹುಡುಗಿ:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ನಿಧಾನವಾಗಿ ಉತ್ತರ ಬರೆಯುತ್ತಿದ್ದೇನೆ, ಈ ನಡುವೆ ಊರಿಗೆ ಹೋಗಿ ಬಂದೆ.

ರೈತ ಅಣ್ಣ, ಬೇಜಾರು ಖಂಡಿತ ಇಲ್ಲ. ನಿಮ್ಮ ಬರಹವನ್ನು ಅಪ್ಪನಿಗೆ ಓದಿ ಹೇಳಿದೆ. ನಿಮ್ಮಪ್ಪ ರಕ್ತ ಬಂದದ್ದನ್ನು ಮುಚ್ಚಿಟ್ಟ ಜಾಗದಲ್ಲಿ ನಿಲ್ಲಿಸು ಅಂದರು, ಆಮೇಲೆ ಮತ್ತೆ ಓದು ಅಂದರು. ಬೀಡಿ ವಿಷಯ ನೀನು ಮಾತಾಡಬೇಡ, ಬೇಕಾದರೆ ನಾನೇ ಮಾತಾಡುತ್ತೇನೆ ಅಂದಿದ್ದಾರೆ. ಯಾವಾಗ, ಎಲ್ಲಿ ಅಂತ ನಾನು ಕೇಳಿಲ್ಲ, ಅವರಿಗೆ ಬಿಟ್ಟಿದ್ದೇನೆ. ಅಣ್ಣ ಇನ್ನೂ ಒಪ್ಪಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಸದ್ಯಕ್ಕೆ ಅಮ್ಮನ ಹೆಸರು, ಮನೆತನ ಏನೂ ಹೇಳದೆ ಕೆಲಸ ಶುರು ಮಾಡುತ್ತೇನೆ ಅಂತ ಅವನಿಗೆ ಮಾತು ಕೊಟ್ಟೆ.

ಬೇಡಿಕೆ ಒಂದೇ ಇಟ್ಟುಕೊಂಡಿದ್ದೇನೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಟಿಬಿ ಮಾತ್ರೆ ಕೊಡುವ ಜಾಗದಲ್ಲಿ ಒಂದು ಕನ್ನಡದ ಹಾಳೆ ಅಂಟಿಸಬೇಕು, ಅದನ್ನೇ ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ ಓದಿ ಹೇಳಬೇಕು. ನಮ್ಮೂರಿನ ಆಶಾ ಅಕ್ಕ ಅಮ್ಮನಿಗೆ ಗೊತ್ತಿದ್ದವರೇ, ಜೊತೆಗೆ ಬರುತ್ತೇನೆ ಅಂದಿದ್ದಾರೆ. ಸ್ವಸಹಾಯ ಸಂಘದ ಸಭೆಯಲ್ಲಿ ಹೆಂಗಸರಿಗೆ ಮೊದಲು ಹೇಳೋಣ ಅನ್ನುವುದು ಅವರ ಸಲಹೆ. ಗ್ಯಾಸ್ ಬಂದ ಮೇಲೂ ಸ್ನಾನದ ನೀರಿಗೆ ಎಲ್ಲರ ಮನೆಯಲ್ಲೂ ತೆಂಗಿನ ಮಟ್ಟೆಯ ಒಲೆಯೇ ಉರಿಯುತ್ತದೆ, ಬಚ್ಚಲಿಗೆ ಹೊಗೆ ಹೋಗುವ ದಾರಿ ಇರುವುದಿಲ್ಲ, ಅದನ್ನೂ ಮಾತಾಡಬೇಕು ಅಂದರು. ಅದು ಆಮೇಲೆ.

ಹಾಳೆಗೆ ಹೀಗೆ ಬರೆದಿದ್ದೇನೆ, ಸಿಸ್ಟರ್ ದಯವಿಟ್ಟು ನೋಡಿ: "ಟಿಬಿ ಮಾತ್ರೆ ತೆಗೆದುಕೊಂಡು ಎರಡು ತಿಂಗಳಾದರೂ ಕೆಮ್ಮು ಕಡಿಮೆಯಾಗಿಲ್ಲವೇ? ತೂಕ ಇಳಿಯುತ್ತಲೇ ಇದೆಯೇ? ಅದು ಟಿಬಿ ಅಲ್ಲದೇ ಇರಬಹುದು. ಡಾಕ್ಟರನ್ನು ಕೇಳಿ."

ದಾವಣಗೆರೆ_ಸಿಸ್ಟರ್:

ಚೆನ್ನಾಗಿದೆ, ಆದರೆ ಮೂರನೇ ಸಾಲು ತೆಗೆದುಬಿಡು. ಟಿಬಿ ಅಲ್ಲದೇ ಇರಬಹುದು ಅಂತ ಗೋಡೆ ಮೇಲೆ ಓದಿದರೆ ಕೆಲವರು ಅವತ್ತೇ ಮಾತ್ರೆ ಬಿಡುತ್ತಾರೆ. ನಿಜವಾಗಿ ಟಿಬಿ ಇದ್ದವರು ಬಿಟ್ಟರೆ ಔಷಧಕ್ಕೆ ಬಗ್ಗದ ಟಿಬಿ ಆಗಬಹುದು, ಮನೆಯವರಿಗೂ ಹರಡಬಹುದು. ಮೊದಲ ಸಾಲೇ "ಡಾಕ್ಟರ್ ಹೇಳದೆ ಮಾತ್ರೆ ನಿಲ್ಲಿಸಬೇಡಿ" ಅಂತ ದಪ್ಪ ಅಕ್ಷರದಲ್ಲಿ ಇರಲಿ. ಆಮೇಲೆ ನಿನ್ನ ಎರಡು ಪ್ರಶ್ನೆ. ಅದರ ಕೆಳಗೆ ಕಫದಲ್ಲಿ ರಕ್ತ, ಒಡೆದ ಧ್ವನಿ, ಹೆಚ್ಚುತ್ತಿರುವ ಉಬ್ಬಸ ಇವನ್ನು ಸೇರಿಸು, ಇವು ಕಂಡರೆ ಎರಡು ತಿಂಗಳು ಕಾಯಬೇಕಿಲ್ಲ. ಕೊನೆಗೆ "ಇನ್ನೊಂದು ಪರೀಕ್ಷೆ ಬೇಕೇ, ಸಿಟಿ ಸ್ಕ್ಯಾನ್ ಬೇಕೇ ಎಂದು ಡಾಕ್ಟರನ್ನು ಕೇಳಿ, ಕೇಳುವುದು ನಿಮ್ಮ ಹಕ್ಕು" ಅಂತ ಹಾಕು. ಹಾಳೆಯಲ್ಲಿ ಕ್ಯಾನ್ಸರ್ ಅನ್ನುವ ಪದ ಎಲ್ಲೂ ಬೇಡ. ಅದನ್ನು ಆಶಾ ಅಕ್ಕ ಪಕ್ಕದಲ್ಲಿ ಕೂತು, ಅವರ ಮುಖ ನೋಡಿಕೊಂಡು ಹೇಳಲಿ.

ತಾಲ್ಲೂಕು ಆರೋಗ್ಯಾಧಿಕಾರಿ ಹತ್ತಿರ ಹೋಗುವಾಗ ತಾಲ್ಲೂಕಿನ ಟಿಬಿ ಮೇಲ್ವಿಚಾರಕರನ್ನೂ ಕರೆಯಲು ಹೇಳು. ಹಾಳೆ ಅಂಟಿಸುವವರು ಅವರೇ.